ಮೂರನೆಯ ಚೌಕ

ರಾತ್ರಿ ಗಾಳಿ ದಿಕ್ಕು ಬದಲಿಸಿತ್ತು. ನಿನ್ನೆಯವರೆಗೆ ಎಣ್ಣೆ ಸವರಿಕೊಂಡು ಮಲಗಿದಂತಿದ್ದ ಕಡಲು ಈ ಬೆಳಿಗ್ಗೆ ಫಜರ್ ನಮಾಜಿನ ಹೊತ್ತಿಗೆ ಮೈಮುರಿದೆದ್ದು ಹಡಗಿನ ಪಕ್ಕೆಗೆ ಸಣ್ಣಗೆ, ಬಿಡದೆ, ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದು ತಟ್ಟಿದ ಹಾಗೆ ತಟ್ಟುತ್ತಿತ್ತು. ಮೋಡವಿರಲಿಲ್ಲ. ಫುಕೆಟ್ಟಿನ ಪಾತೊಂಗ್ ಕೊಲ್ಲಿಯ ಮೇಲೆ ಬಿಸಿಲು ಇನ್ನೂ ಎಳೆಯದಾಗಿ, ಯಾರಿಗೂ ಏನೂ ಕೆಟ್ಟದಾಗದ ದಿನದ ಬಿಸಿಲಿನಂತೆ ಬೀಳುತ್ತಿತ್ತು. ಸಲ್ಬಿಯಾ ಬಿಳಿಯ ನಮಾಜಿನ ಉಡುಗೆಯಲ್ಲೇ ಕೋಣೆಯ ಬಾಗಿಲ ಬಳಿ ನಿಂತು, ಯಾರೋ ಸಂದಿನಿಂದ ಒಳಗೆ ನೂಕಿ ಹೋಗಿದ್ದ ಕಾಗದವನ್ನು ಎರಡನೆಯ ಸಲ ಓದಿದಳು. ಹಡಗು ಇಂದು ಕಟ್ಟೆಗೆ ತಾಗುವುದಿಲ್ಲ, ಕೊಲ್ಲಿಯ ನಡುವೆ ಲಂಗರು ಹಾಕಿದೆ, ದಡಕ್ಕೆ ಸಣ್ಣ ದೋಣಿಗಳಲ್ಲಿ ಹೋಗಬೇಕು. ಅಲೆ ಎದ್ದಿರುವುದರಿಂದ, ಗಾಲಿಕುರ್ಚಿ ಬಿಟ್ಟು ಏಳಲಾರೆವೆಂದು ಬರೆದುಕೊಟ್ಟ ಪ್ರಯಾಣಿಕರನ್ನು ದೋಣಿಗೆ ಹತ್ತಿಸಲಾಗದು. ವಿಷಾದಿಸುತ್ತೇವೆ. ಎಂಟನೆಯ ಮಹಡಿಯಲ್ಲಿ ಹತ್ತು ಗಂಟೆಗೆ ಕಲ್ಲಂಗಡಿ ಹಣ್ಣಿನಲ್ಲಿ ಹೂ ಕೆತ್ತುವುದನ್ನು ಕಲಿಸಲಾಗುವುದು.

ಅವಳ ಬೆನ್ನ ಹಿಂದೆ ತಾಯಿ ಕಲ್ಸುಮ್, ಮಕ್ಕಳೆಲ್ಲ ಮಾಕ್ ಎಂದು ಕರೆಯುವ ಎಪ್ಪತ್ತೊಂಬತ್ತರ ಮುದುಕಿ, ಮಂಚದ ಅಂಚಿನಲ್ಲಿ ಕುಳಿತು ಹಸಿರು ರೇಷ್ಮೆಯ ನಿಲುವಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಿದ್ದಳು. ಇವತ್ತಿಗೆಂದೇ ಹೊಲಿಸಿದ ಅಂಗಿ. ದಡದಲ್ಲಿ ಅವಳ ಅಕ್ಕ ಸಪಿಯಾ ಕಾಯುತ್ತಿದ್ದಳು. ಅರವತ್ತು ವರ್ಷಗಳ ಹಿಂದೆ ಫುಕೆಟ್ಟಿನ ಮೀನಿನ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ತಮ್ಮೂರಿನ ಮುಆರ್ ನದಿಯ ದಡದಿಂದ ಇಲ್ಲಿಗೆ ಬಂದು, ಕಮಲಾ ಕೊಲ್ಲಿಯ ಹಳ್ಳಿಯಲ್ಲಿ ಏಳು ಮಕ್ಕಳನ್ನು ಹೆತ್ತು, ಈಗ ಎಂಬತ್ತಾರಾಗಿ, ಕಣ್ಣಿನ ಪೊರೆ ತೆಗೆಸಿಕೊಂಡವಳು. ಅಕ್ಕತಂಗಿಯರು ಮುಖ ನೋಡಿ ಹತ್ತೊಂಬತ್ತು ವರ್ಷವಾಗಿತ್ತು. ಇಡೀ ಪ್ರವಾಸದ ಹೂರಣವೇ ಇದು. ಉಳಿದ ಊರುಗಳೆಲ್ಲ ಸುತ್ತಲಿನ ಹಿಟ್ಟು.

"ಏನದು ಕಾಗದ, ಅಲೋಂಗ್?" ಎಂದಳು ಮಾಕ್. ಹಿರಿಯ ಮಗಳನ್ನು ಅವರಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ.

"ಕಲ್ಲಂಗಡಿ ಹಣ್ಣು ಕೆತ್ತೋದು ಕಲಿಸ್ತಾರಂತೆ, ಮಾಕ್."

"ಹಣ್ಣು ತಿನ್ನೋದು ಬಿಟ್ಟು ಕೆತ್ತೋದ್ಯಾಕೆ?"

ಸಲ್ಬಿಯಾ ನಕ್ಕು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಉಡುಗೆಯ ತೋಳಿನೊಳಗೆ ಸೇರಿಸಿದಳು. ಅದು ಸುಳ್ಳಾಗಿರಲಿಲ್ಲ. ಕಾಗದದಲ್ಲಿ ಆ ಸಾಲು ಇತ್ತು. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಿಗೆ, ಅದರಲ್ಲೂ ಹತ್ತೊಂಬತ್ತು ವರ್ಷ ಇಡೀ ಶಾಲೆಯ ವೇಳಾಪಟ್ಟಿ ಹಾಕಿದವಳಿಗೆ, ಇಂಥ ಸಾಲುಗಳ ಬೆಲೆ ಗೊತ್ತಿತ್ತು. ಗಣಿತದ ಮೇಷ್ಟರಿಗೆ ಮಧ್ಯಾಹ್ನದ ತರಗತಿ ಬೇಡ, ಕುರಾನ್ ಕಲಿಸುವವರಿಗೆ ಶುಕ್ರವಾರ ಬೇಗ ಬಿಡಬೇಕು, ಬಸುರಿ ಟೀಚರಿಗೆ ಮೂರನೇ ಮಹಡಿ ಕೊಡಬಾರದು. ಎಲ್ಲರ ನೋವನ್ನೂ ಚೌಕಗಳಲ್ಲಿ ಕೂರಿಸಿ, ಕೊನೆಗೆ ಒಂದು ಚೌಕವೂ ಇನ್ನೊಂದರ ಮೇಲೆ ಬೀಳದ ಹಾಗೆ ಮಾಡಿದಾಗ ಅವಳಿಗೆ ಆಗುತ್ತಿದ್ದ ಸಂತೋಷ ಇಬಾದತ್ತಿನ, ದೇವರ ಆರಾಧನೆಯ, ಹತ್ತಿರ ಬರುವಂಥದ್ದು. ಈ ಪ್ರವಾಸಕ್ಕೂ ಹಾಗೇ ಪಟ್ಟಿ ಹಾಕಿದ್ದಳು. ಮಾಕ್‌ಗೆ ಹಸಿರು ಶಾಯಿ, ಚಿಕ್ಕಪ್ಪ ಪಾಕ್ ಸು ಗಝಾಲಿಗೆ ಹಳದಿ, ಸಕ್ಕರೆ ಕಾಯಿಲೆಗೆ ಎಡಗಾಲಿನ ಮೂರು ಬೆರಳು ಕೊಟ್ಟ ತಮ್ಮ ಬಹ್ರಿನ್‌ಗೆ ನೀಲಿ. ಮಾಕ್‌ಗೆ ಒಂದೂವರೆ ಗಂಟೆಗೊಮ್ಮೆ ಬಚ್ಚಲು, ಅದೂ ಹಿಡಿಯಲು ಕಂಬಿ ಇರುವಂಥದ್ದು. ಪಾಕ್ ಸುವಿನ ಮೊಣಕಾಲು ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಜಗಳ ತೆಗೆಯುತ್ತದೆ, ಆದ್ದರಿಂದ ಎಲ್ಲಿ ಹೋದರೂ ಮೇಲಿನಿಂದ ಕೆಳಕ್ಕೆ ಗಾಡಿ. ಬಹ್ರಿನ್ ನೂರೈವತ್ತು ಹೆಜ್ಜೆಗೊಮ್ಮೆ ಕೂರಬೇಕು ಮತ್ತು ತಾನು ಕೂತದ್ದನ್ನು ಯಾರೂ ಗಮನಿಸಬಾರದು, ಆದ್ದರಿಂದ ಅಲ್ಲೊಂದು ಅಂಗಡಿ ಇರಬೇಕು, ನೋಡುತ್ತಾ ಕೂತ ಹಾಗೆ ಕಾಣಬೇಕು. ಪೆನಾಂಗಿನ ದಿನ ನೆಟ್ಟಗೆ ಕಳೆಯಿತು. ಲಂಕಾವಿಯಲ್ಲಿ ಹದಿನಾಲ್ಕು ನಿಮಿಷ ಉಳಿಯಿತು ಕೂಡ. "ಟೀಚರ್, ಗಂಟೆ ಹೊಡೀತು, ಉಚ್ಚೆಗೆ ಹೋಗ್ಲಾ?" ಎಂದು ಕೈಯೆತ್ತಿ ಕೇಳುತ್ತಿದ್ದ ಪಾಕ್ ಸು. ಕೇಳಲಿ. ಹಾಗೆ ಕೇಳುವುದರಲ್ಲಿ ಅವಳಿಗೆ ಬೇಕಾದದ್ದೆಲ್ಲ ಇತ್ತು.

ಮೂರನೆಯ ಊರಾದ ಇಲ್ಲಿಗೆ ಅವಳು ಪಟ್ಟಿಯಲ್ಲಿ ಬರೆದದ್ದು ಇಷ್ಟು: ದೋಣಿ, ಹದಿನೈದು ನಿಮಿಷ. ನದಿಯ ದಡದಲ್ಲಿ ಹುಟ್ಟಿದ ಮಾಕ್ ದೋಣಿಗೆ ಬಾತುಕೋಳಿಯ ಹಾಗೆ ಹತ್ತುತ್ತಾಳೆ, ಕೈಕೋಲು ಒಂದು ಇದ್ದರೆ ಸಾಕು. ಮನೆಯಲ್ಲಿ ಬಚ್ಚಲಿಗೆ, ಅಡುಗೆಮನೆಗೆ, ಹಿತ್ತಲಿನ ಮೆಣಸಿನ ಗಿಡಕ್ಕೆ ಅವಳೇ ನಡೆಯುತ್ತಾಳೆ. ಕುರ್ಚಿ ಬೇಕಾದದ್ದು ದೂರಕ್ಕೆ ಮಾತ್ರ. ಸಲ್ಬಿಯಾಳ ಮನಸ್ಸಿಗೆ ಬಾರದೇ ಹೋದದ್ದು, ಅಥವಾ ಬಂದರೂ ಮಗ್ಗುಲು ಬದಲಿಸಿ ಮಲಗಿದ್ದು, ಟಿಕೆಟ್ಟಿನ ಅರ್ಜಿಯ ಆ ಮೂರು ಚೌಕಗಳು. ಕೋಲಿನ ಸಹಾಯದಿಂದ ನಡೆಯುತ್ತಾರೆ. ದೂರಕ್ಕೆ ಕುರ್ಚಿ ಬೇಕು, ಕೆಲವು ಹೆಜ್ಜೆ ಇಡಬಲ್ಲರು. ಕುರ್ಚಿ ಬಿಟ್ಟು ಏಳಲಾರರು. ಟಿಕೆಟ್ ಕೊಡುವ ಹುಡುಗಿ ಪೆನ್ನಿನ ತುದಿಯಿಂದ ಮೂರನೆಯದನ್ನು ತೋರಿಸಿ, "ಇದಕ್ಕೆ ಹಾಕಿದ್ರೆ ಅಗಲದ ಕೋಣೆ ಸಿಗುತ್ತೆ ಟೀಚರ್, ಹಡಗಲ್ಲಿ ಇರೋದೇ ಕೆಲವು, ಈಗ ಒಂದೇ ಉಳಿದಿದೆ" ಅಂದಿದ್ದಳು. ಅಗಲದ ಕೋಣೆ ಎಂದಾಗ ಸಲ್ಬಿಯಾಳ ಕಣ್ಣೆದುರು ಬಂದದ್ದು ಸುಖವಲ್ಲ, ಚಾಪೆಗಳು. ಮಾಮೂಲಿ ಕೋಣೆಯಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಒಂದು ನಮಾಜಿನ ಚಾಪೆ ಹಾಸಬಹುದು. ಒಟ್ಟಿಗೆ ನಿಂತು ಮಾಡಿದ ನಮಾಜಿಗೆ ಇಪ್ಪತ್ತೇಳು ಪಾಲು ಪುಣ್ಯ ಎಂದು ನಂಬಿ, ಮುಆರಿನ ಮನೆಯಲ್ಲಿ ಸಂಜೆಯ ಒಂದು ಮಗ್ರಿಬ್ಬನ್ನೂ ಒಂಟಿಯಾಗಿ ಮಾಡದ ಮಾಕ್ ಐದು ದಿನ ಒಂಟಿಯಾಗಿ ಮಾಡಬೇಕೆ? ಗಂಡಸರಿಬ್ಬರು ತಮ್ಮ ಕೋಣೆಯಿಂದ ಬಂದು, ಅಗಲದ ಕೋಣೆಯಲ್ಲಿ ಮುಂದೆ ಬಹ್ರಿನ್ ನಿಂತರೆ, ಅವನ ಪಕ್ಕಕ್ಕೆ ಪಾಕ್ ಸುವಿನ ಕುರ್ಚಿ, ಹಿಂದೆ ಮಾಕ್, ಅವಳ ಬಲಕ್ಕೆ ತಾನು. ಪೆನ್ನು ತಾನಾಗಿ ಮೂರನೆಯ ಚೌಕಕ್ಕೆ ಹೋಯಿತು. ಅಲ್ಲಾಹನಿಗಾಗಿಯೇ ಅಲ್ಲವೇ ಎಂದುಕೊಂಡಿದ್ದಳು. ಅಲ್ಲಾಹನಿಗೆ ಅಗಲ ಸಾಲದು ಎಂದು ಯಾರು ಹೇಳಿದ್ದರು?

ಮೊದಲ ಸಂಜೆಯೇ, ಸಿಂಗಪುರದ ದೀಪಗಳು ಇನ್ನೂ ಕಾಣುತ್ತಿದ್ದಾಗ, ಎದುರುಕೋಣೆಯ ಹೊರಗೆ ಮಡಿಸಿಟ್ಟ ಗಾಲಿಕುರ್ಚಿಯೊಂದನ್ನು ಅವಳು ನೋಡಿದಳು. ಬಿಚ್ಚಿದರೆ ಅದು ಬಾಗಿಲಲ್ಲಿ ತೂರುವುದಿಲ್ಲ. ಈಪೋದ ಯಾಪ್ ಎಂಬ ಅರವತ್ತು ದಾಟಿದ ಚೀನೀ ಮನುಷ್ಯ, ಸೊಂಟದ ಕೆಳಗೆ ಜೀವವಿಲ್ಲದ ಹೆಂಡತಿ ಕಿಮ್ ಲಾನ್‌ಳನ್ನು ಎರಡೂ ತೋಳಿನಲ್ಲಿ ಎತ್ತಿ ಓರೆಯಾಗಿ ಒಳಕ್ಕೆ ಹೋಗುತ್ತಿದ್ದ. ಹೋಗುವಾಗ ಅವಳು ಗಂಡನ ಭುಜದ ಮೇಲಿನಿಂದ ಸಲ್ಬಿಯಾಳನ್ನು ಕಂಡು, "ನೋಡಿ, ಮದುಮಗಳ ಥರಾ ದಿನಾ ಎತ್ಕೊಂಡು ಹೋಗ್ತಾನೆ. ನಲವತ್ತು ವರ್ಷ ಆದ್ಮೇಲೆ ಯಾರಿಗೆ ಸಿಗುತ್ತೆ ಹೇಳಿ!" ಎಂದಿದ್ದಳು. ಸಲ್ಬಿಯಾ ನಕ್ಕಿದ್ದಳು. ಅವತ್ತಿನಿಂದ ಊಟದ ಕೋಣೆಗೆ ಹೋಗಲು ಅವಳು ಹಿಂದಿನ ಲಿಫ್ಟನ್ನು ಬಳಸತೊಡಗಿದಳು. ಆ ಲಿಫ್ಟು ಹತ್ತಿರ ಎಂದು ಮನೆಯವರಿಗೆ ಹೇಳಿದಳು. ಅದು ಎಪ್ಪತ್ತು ಹೆಜ್ಜೆ ದೂರವಿತ್ತು. ಬಹ್ರಿನ್ ಒಮ್ಮೆ ನಡುದಾರಿಯಲ್ಲಿ ನಿಂತು ಗೋಡೆಯ ಮೇಲಿನ ಹಡಗಿನ ಚಿತ್ರವನ್ನು ಬಹಳ ಹೊತ್ತು ನೋಡಿದ.

ತಿಂಡಿಯ ಹೊತ್ತಿಗೆ ಕಾಗದ ತೋಳಿನಿಂದ ಕೈಚೀಲಕ್ಕೆ ಬಂದಿತ್ತು. ಪಾಕ್ ಸು ತೆಂಗಿನಹಾಲಿನ ಅನ್ನದ ಮೇಲೆ ಖಾರದ ಸಂಬಲ್ ಸುರಿದುಕೊಳ್ಳುತ್ತಾ, "ಇದೇನು ಸಂಬಲ್ಲೋ ಜಾಮೋ? ಕಪ್ತಾನನ ಹೆಂಡ್ತಿ ಮಾಡಿರ್ಬೇಕು, ಗಂಡನ ಮೇಲೆ ಪ್ರೀತಿ ಜಾಸ್ತಿ" ಎಂದ. ಮಾಕ್ ಏನೂ ಮುಟ್ಟಲಿಲ್ಲ. ಅಕ್ಕನ ಮನೆಯಲ್ಲಿ ತಿನ್ನಬೇಕಲ್ಲ, ಹೊಟ್ಟೆಯಲ್ಲಿ ಜಾಗ ಬೇಕು. ಅವಳ ಚರ್ಮದ ಕೈಚೀಲದಲ್ಲಿ ಏನೋ ಉಬ್ಬಿಕೊಂಡಿತ್ತು, ಮೀನಿನ ವಾಸನೆ ಮೇಜಿನ ಸುತ್ತ ಹಗುರವಾಗಿ ಸುಳಿಯುತ್ತಿತ್ತು.

"ಮಾಕ್, ಹಡಗಿಂದ ತಿಂಡಿ ದಡಕ್ಕೆ ತಗೊಂಡು ಹೋಗೋ ಹಾಗಿಲ್ಲ. ಹೇಳಿದ್ನಲ್ಲ."

"ಇದು ಹಡಗಿಂದಲ್ಲ. ಮುಆರಿನ ಒಟಕ್. ಗರೀಲಿ ಸುತ್ತಿ ಮನೇಲೇ ಸುಟ್ಟ ಮೀನು. ಅವಳು ಅರವತ್ತು ವರ್ಷದಿಂದ ಫೋನಲ್ಲಿ ಕೇಳ್ತಾನೇ ಇದಾಳೆ. ಹಿಡಿದ್ರೆ ಹಿಡೀಲಿ, ಜೈಲಲ್ಲಿ ನಾಲ್ಕು ದಿನ ಮಲಗ್ತೀನಿ."

"ಜೈಲಲ್ಲಿ ಬಾಗಿಲು ಅಗಲ ಇರುತ್ತಾ ಕೇಳು, ಕುರ್ಚಿ ಹೋಗ್ಬೇಕಲ್ಲ," ಎಂದ ಬಹ್ರಿನ್. ಎಲ್ಲರೂ ನಕ್ಕರು. ಸಲ್ಬಿಯಾಳ ನಗು ಅರ್ಧ ಕ್ಷಣ ತಡವಾಗಿ ಬಂದಿತು. ಇನ್ನೂ ಹೊತ್ತಿದೆ ಎಂದುಕೊಂಡಳು. ಅಲೆ ಜೋರಾಗಿದೆ, ಯಾರನ್ನೂ ಬಿಡುತ್ತಿಲ್ಲ ಎಂದುಬಿಡಬಹುದು. ಮಾಕ್ ಒಮ್ಮೆ ಕಿಟಕಿಯ ಕಡೆ ನೋಡುತ್ತಾಳೆ, ಅಲ್ಲಾಹನ ಇಚ್ಛೆ ಎನ್ನುತ್ತಾಳೆ, ಹಸಿರು ಅಂಗಿಯ ಗುಂಡಿ ಬಿಚ್ಚುತ್ತಾಳೆ. ಅವಳು ಅಳುವುದಿಲ್ಲ, ಕೇಳುವುದಿಲ್ಲ. ಅಪ್ಪ ತೀರಿಕೊಂಡ ದಿನ ಆಸ್ಪತ್ರೆಗೆ ಹತ್ತು ನಿಮಿಷ ತಡವಾಗಿ ಕರೆದುಕೊಂಡು ಹೋದದ್ದು ತಾನೇ, ದಾರಿ ತಪ್ಪಿದ್ದು ತಾನೇ. ಆಗಲೂ ಮಾಕ್ ಅಲ್ಲಾಹನ ಇಚ್ಛೆ ಎಂದಳೇ ಹೊರತು ದಾರಿಯ ಮಾತು ಎತ್ತಲಿಲ್ಲ. ಆ ದಿನದ ನಂತರವೇ ತನಗೆ ಈ ನಿಮಿಷ ಎಣಿಸುವ ಚಟ ಅಂಟಿದ್ದು. ಮಾಕ್ ಬಯ್ದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಇಷ್ಟು ಸುಲಭವಾಗಿ ನಂಬುವವರಿಗೆ ಸುಳ್ಳು ಹೇಳುವುದು ತೊಟ್ಟಿಲ ಕೂಸಿನ ಕೈಯಿಂದ ಗಿಲಕಿ ಕಿತ್ತುಕೊಂಡ ಹಾಗೆ. ಮತ್ತು ಆ ಕಡೆ ಮರಳಿನ ಮೇಲೆ ಒಬ್ಬ ಮುದುಕಿ ಎಂಟು ಗಂಟೆಯಿಂದ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹಡಗಿಗೆ ಎದುರಾಗಿ ಕೂತಿದ್ದಾಳಂತೆ, ಮೊಮ್ಮಗ ಫೋಟೊ ಕಳಿಸಿದ್ದ. ತಲೆಯ ಮೇಲೆ ಬಣ್ಣದ ಕೊಡೆ. ಬಾಯಿ ತೆರೆದಿತ್ತು. ಹಡಗಿಗೆ ಏನೋ ಹೇಳುತ್ತಿದ್ದಳು.

ಕೆಳಗಿನ ಮಹಡಿಯಲ್ಲಿ, ಹಡಗಿನ ಹೊಟ್ಟೆಗೆ ಬಾಗಿಲು ಕೊರೆದ ಜಾಗದಲ್ಲಿ, ದೋಣಿಗೆ ಸಾಲು ನಿಂತಿತ್ತು. ಬಾಗಿಲಾಚೆ ಕಿತ್ತಳೆ ಬಣ್ಣದ ದೋಣಿ ಏರಿ ಇಳಿಯುತ್ತಿತ್ತು. ಯಾಪ್ ಹೆಂಡತಿಯ ಕುರ್ಚಿಯನ್ನು ಪಕ್ಕದ ಗೋಡೆಯ ಬಳಿಗೆ ಸರಿಸಿ ನಿಂತಿದ್ದ. ಅವರು ಹೋಗುವವರಲ್ಲ. "ನನಗೂ ಪ್ರೇಮಪತ್ರ ಬಂತು," ಎಂದಳು ಕಿಮ್ ಲಾನ್ ಕಾಗದ ಬೀಸಿಕೊಳ್ಳುತ್ತಾ. "ಕಳಿಸಿಕೊಡೋಕೆ ಬಂದೆ. ಹೋಗೋರ ಮುಖ ನೋಡೋದೂ ಒಂದು ಊರು ನೋಡಿದ ಹಾಗೇ. ನಿಮ್ಮಮ್ಮಂಗೂ ಬಂದಿರ್ಬೇಕಲ್ಲ?"

ಸಲ್ಬಿಯಾ ಉತ್ತರ ಹೇಳುವಷ್ಟರಲ್ಲಿ ಸಾಲು ಸರಿಯಿತು. ದೋಣಿಯ ಬಾಗಿಲಲ್ಲಿದ್ದ ಮಾರಿಸೆಲ್ ಎಂಬ ಫಿಲಿಪೀನ್ಸಿನ ಹೆಂಗಸು ಮಾಕ್‌ಳ ಕಾರ್ಡನ್ನು ಯಂತ್ರಕ್ಕೆ ತೋರಿಸಿದಳು. ಯಂತ್ರ ಒಂದು ಸಲ ಕೂಗಿತು.

"ಅಯ್ಯೋ, ಅಮ್ಮಾ. ಕಾಗದ ಸಿಗಲಿಲ್ವಾ?"

"ಎಂಥ ಕಾಗದ?" ಎಂದಳು ಮಾಕ್. "ಕಲ್ಲಂಗಡಿದಾ?"

ಮಾರಿಸೆಲ್ ಸಲ್ಬಿಯಾಳ ಕಡೆ ನೋಡಿದಳು. "ಏಳೋಕೆ ಆಗೋದೇ ಇಲ್ಲ ಅಂತಿದೆ ಇಲ್ಲಿ."

"ಕೆಲವು ದಿನ ಆಗುತ್ತೆ," ಎಂದಳು ಸಲ್ಬಿಯಾ. ತನ್ನ ದನಿ ತನಗೇ, ಮನೆಗೆಲಸ ಮಾಡದೆ ಬಂದ ಮಕ್ಕಳ ದನಿಯಂತೆ ಕೇಳಿಸಿತು. ನೋಟುಪುಸ್ತಕ ಬಸ್ಸಲ್ಲಿ ಬಿಟ್ಟೆ ಟೀಚರ್. ನಾಯಿ ತಿಂತು ಟೀಚರ್.

"ಇವತ್ತು ಯಾವ ದಿನ?" ಎಂದಳು ಮಾರಿಸೆಲ್.

ಹಿಂದಿನ ಸಾಲಿನಲ್ಲಿ ಯಾರೋ ಗಡಿಯಾರ ನೋಡಿಕೊಂಡರು. ದೋಣಿ ಏರಿತು, ಇಳಿಯಿತು. ಈಗಲೂ ತಿರುಗಿ ಹೋಗಬಹುದಿತ್ತು. ನಿಯಮ ಮಾಕ್, ಏನು ಮಾಡೋದು ಎನ್ನಬಹುದಿತ್ತು, ನಿಯಮಕ್ಕೆ ಯಾರ ಮುಖವೂ ಇರುವುದಿಲ್ಲ. ಗೋಡೆಯ ಬಳಿ ಕಿಮ್ ಲಾನ್ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಳ್ಳೆಯ ನಾಟಕ ನೋಡುವವಳ ಹಾಗೆ ಕೇಳಿಸಿಕೊಳ್ಳುತ್ತಿದ್ದಳು. ಯಾಕೋ ಸಲ್ಬಿಯಾಗೆ ಆ ಕಣ್ಣುಗಳೆದುರು ಹೇಳುವುದೇ ಸುಲಭ ಎನ್ನಿಸಿತು, ಇನ್ನೊಂದು ಕ್ಷಣ ಕಳೆದರೆ ಆಗುವುದಿಲ್ಲ ಎಂದೂ ಅನ್ನಿಸಿತು.

"ಅವರು ಏಳ್ತಾರೆ. ನಡೀತಾರೆ. ದಿನಾ ನಡೀತಾರೆ. ಕೋಣೆ ಸಿಗ್ಲಿ ಅಂತ ನಾನೇ ತಪ್ಪು ಬರೆದೆ."

ಹೇಳಿದ ಮೇಲೆ ಏನೂ ಬೀಳಲಿಲ್ಲ. ಮಾರಿಸೆಲ್ ಹುಬ್ಬೇರಿಸಿ, ಹುಬ್ಬಿಳಿಸಿ, ಒಂದು ಹಲಗೆಗೆ ಕಾಗದ ಸಿಕ್ಕಿಸಿ ಕೊಟ್ಟಳು. ಮೊದಲು ಬರೆದದ್ದು ಸರಿಯಲ್ಲವೆಂದು ಬರೆದು ರುಜು ಹಾಕಬೇಕು, ಸಲ್ಬಿಯಾ ಹಾಕಿದಳು. ಆಮೇಲೆ ಮಾರಿಸೆಲ್ ನೆಲದ ಮೇಲೆ ಬಳಿದಿದ್ದ ಎರಡು ಹಳದಿ ಗೆರೆಗಳನ್ನು ತೋರಿಸಿದಳು. ದೋಣಿಗೂ ಬಾಗಿಲಿಗೂ ನಡುವಿನ ಸಂದಿನಷ್ಟೇ ಅಗಲ. ಯಾರೂ ಹಿಡಿದುಕೊಳ್ಳದೆ ಅದನ್ನು ದಾಟಿ ತೋರಿಸಬೇಕು. ಮಾಕ್ ಮಗಳ ಮುಖವನ್ನು ಒಮ್ಮೆ ನೋಡಿದಳು. ಬೈಗುಳವೂ ಅಲ್ಲ, ಕ್ಷಮೆಯೂ ಅಲ್ಲ. ಅಕ್ಕಿಯಲ್ಲಿ ಕಲ್ಲು ಕಂಡಾಗ ನೋಡುವ ನೋಟ. ಕುರ್ಚಿಯ ಕೈ ಒತ್ತಿ ಎದ್ದಳು, ಕೋಲೂರಿದಳು, ಹಸಿರು ರೇಷ್ಮೆಯ ನೆರಿಗೆಯನ್ನು ಒಂದು ಕೈಯಲ್ಲಿ ಗೇಣಷ್ಟು ಎತ್ತಿ, ಹಿತ್ತಲಿನ ಚರಂಡಿ ದಾಟುವ ಹಾಗೆ ದಾಟಿಬಿಟ್ಟಳು. ದಾಟಿ, "ಇನ್ನೊಂದ್ಸಲಾನಾ?" ಎಂದು ಮಾರಿಸೆಲ್‌ಳನ್ನು ಕೇಳಿದಳು.

ಸಾಲಿನಲ್ಲಿ ನಗು ಎದ್ದಿತು. ಗೋಡೆಯ ಬಳಿಯಿಂದ ಚಪ್ಪಾಳೆ ಕೇಳಿಸಿತು. ಕಿಮ್ ಲಾನ್ ಎರಡೂ ಕೈಯೆತ್ತಿ, ಮನಸಾರೆ, ಅದರಲ್ಲಿ ಎಲ್ಲಿಯೂ ಮುಳ್ಳಿಲ್ಲದೆ ತಟ್ಟುತ್ತಿದ್ದಳು. ಮುಳ್ಳಿದ್ದಿದ್ದರೆ ಸಲ್ಬಿಯಾ ತಾಳಿಕೊಳ್ಳುತ್ತಿದ್ದಳೇನೋ.

ದಡದಲ್ಲಿ ಸಪಿಯಾ ಕೊಡೆಯನ್ನು ಮೊಮ್ಮಗನ ಕೈಗೆ ಎಸೆದು ಎದ್ದು ನಿಂತಿದ್ದಳು. ಮಾಕ್ ತೇಲುವ ಕಟ್ಟೆಯಿಂದ ಮರಳಿಗೆ ಹನ್ನೊಂದು ಹೆಜ್ಜೆ ನಡೆದಳು. ಸಲ್ಬಿಯಾ ಎಣಿಸಿದ್ದು ಚಟದಿಂದ.

"ಎಷ್ಟು ದಪ್ಪಗಾಗಿದೀಯೇ!" ಎಂದಳು ಅಕ್ಕ.

"ನಿನ್ನ ಹಲ್ಲೆಲ್ಲಿ?" ಎಂದಳು ತಂಗಿ.

"ಮನೇಲಿದೆ. ನೀನು ಬರ್ತೀಯೋ ಇಲ್ವೋ ಅಂತ ಹಾಕ್ಕೊಂಡು ಬರ್ಲಿಲ್ಲ. ಹಡಗಿನ ಬಾಗಿಲೇ ತೆಗೀತಿಲ್ವಲ್ಲ! ನಾನಿಲ್ಲಿಂದ ಕಪ್ತಾನನಿಗೆ ಬೈದೂ ಬೈದೂ ಗಂಟಲು ಹೋಯ್ತು."

ಅಷ್ಟೇ. ಹತ್ತೊಂಬತ್ತು ವರ್ಷ ಅಷ್ಟರಲ್ಲಿ ಮುಗಿಯಿತು. ಆಮೇಲೆ ಕಮಲಾದ ಮನೆಯ ಜಗಲಿಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕಾಲು ಚಾಚಿ ಕೂತು ಒಟಕ್‌ನ ಗರಿ ಬಿಡಿಸುತ್ತಾ, ಸತ್ತವರನ್ನೂ ಇರುವವರನ್ನೂ ಸಾಲಾಗಿ ಕೇಳುತ್ತಾ ಹೋದರು. ಸಲ್ಬಿಯಾ ಕೈಯಲ್ಲಿ ಪಟ್ಟಿ ಹಿಡಿದು ಕೂತಿದ್ದಳು. ಪಟ್ಟಿಯ ಪ್ರಕಾರ ಹನ್ನೆರಡೂ ಹತ್ತಕ್ಕೆ ಬಚ್ಚಲು. ಮಾಕ್ ಹನ್ನೊಂದೂ ಮುಕ್ಕಾಲಿಗೇ ಅಕ್ಕನ ತೋಳು ಹಿಡಿದು ಹೋಗಿಬಂದಳು, ಅಲ್ಲಿ ಕಂಬಿಯೂ ಇರಲಿಲ್ಲ, ಏನೂ ಆಗಲಿಲ್ಲ. ಪಾಕ್ ಸು ಹಲಸಿನ ಮರದಡಿ ನಿದ್ದೆಹೋದ. ಬಹ್ರಿನ್ ಯಾವ ಅಂಗಡಿಯನ್ನೂ ನೋಡದೆ ಎಲ್ಲರೆದುರು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ, ಉಳಿದ ಎರಡು ಬೆರಳನ್ನು ಸಪಿಯಾಳ ಮರಿಮಕ್ಕಳಿಗೆ ಕುಣಿಸಿ ತೋರಿಸಿದ. ಮಕ್ಕಳು ಕಿರುಚಿ ಓಡಿ, ಮತ್ತೆ ಬಂದರು. ಪಟ್ಟಿಯಲ್ಲಿ ಇದ್ಯಾವುದೂ ಇರಲಿಲ್ಲ. ಅವಳು ಅದನ್ನು ಮಡಿಸಿ ಬೀಸಣಿಗೆ ಮಾಡಿಕೊಂಡಳು.

ಮೂರು ಗಂಟೆಗೆ ಹೊರಡುವಾಗ ಅಕ್ಕತಂಗಿಯರು ಕೈಗಳನ್ನು ಒಂದರೊಳಗೊಂದು ಹಿಡಿದು, ಅವರ ಕಡೆ ದೂರ ಹೋಗುವವರೆಲ್ಲ ಹೇಳುವ ಮಾತನ್ನು ಹೇಳಿಕೊಂಡರು. ನಿನ್ನದನ್ನು ತಿಂದದ್ದು, ಕುಡಿದದ್ದು, ಕೇಳದೆ ತಗೊಂಡದ್ದು, ಎಲ್ಲ ಹಲಾಲ್ ಮಾಡಿಬಿಡು, ಋಣ ಉಳಿಸಬೇಡ. ಮಾಡಿದೆ ಕಣೇ. ನಂದೂ ಮಾಡಿಬಿಡು. ಮಾಡಿದೆ. ಎಂಬತ್ತಾರು ಮತ್ತು ಎಪ್ಪತ್ತೊಂಬತ್ತು. ಇನ್ನೊಂದು ಸಲ ಹೇಳುವ ಹೊತ್ತು ಬರಲಿಕ್ಕಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಅದಕ್ಕೇ ಇಬ್ಬರೂ ಅದನ್ನು ಅಂಗಡಿಗೆ ಹೋಗಿಬರ್ತೀನಿ ಎನ್ನುವ ಹಾಗೆ ಹೇಳಿದರು. ಸಪಿಯಾ ಕೊನೆಗೆ, "ಚಿಕ್ಕವರಿದ್ದಾಗ ನಿನ್ನ ಬಳೆ ನದಿಗೆ ಬೀಳಿಸಿದ್ದು ನಾನೇ," ಎಂದಳು. "ಗೊತ್ತಿತ್ತು," ಎಂದಳು ಮಾಕ್.

ಮರಳುವ ದೋಣಿಯಲ್ಲಿ ಗಾಳಿ ಇಳಿದಿತ್ತು. ಮಾಕ್ ಕಡಲಿನ ಕಡೆ ಮುಖ ಮಾಡಿ ಕೂತಿದ್ದಳು. ಹಡಗು ಎದುರಿಗೆ ಬಿಳಿಯ ಗೋಡೆಯಂತೆ ಬೆಳೆಯುತ್ತಾ ಬರುತ್ತಿದ್ದಾಗ ಅವಳು ತಿರುಗದೆ ಕೇಳಿದಳು: "ಆ ಕೋಣೆನ ಹಲಾಲ್ ಮಾಡು ಅಂತ ಯಾರನ್ನ ಕೇಳ್ತೀಯ, ಅಲೋಂಗ್?"

ನಾನು ನಿಮಗೋಸ್ಕರ ಎಂಬ ಮಾತು ಸಲ್ಬಿಯಾಳ ನಾಲಗೆಯವರೆಗೆ ಬಂದು, ಅದು ಪೂರ್ತಿ ನಿಜವಲ್ಲವೆಂದು ಅಲ್ಲೇ ಕೂತುಕೊಂಡಿತು. ಅಲೋಂಗ್ ಎಲ್ಲಾ ಯೋಚ್ನೆ ಮಾಡಿದಾಳೆ ಎಂದು ಮಾಕ್ ಯಾರಿಗಾದರೂ ಹೇಳುವುದನ್ನು ಕೇಳಬೇಕೆಂದು ತಾನು ಹಪಹಪಿಸಿದ್ದು, ಆ ಒಂದು ವಾಕ್ಯಕ್ಕೆ ಅಷ್ಟು ಅಗಲದ ಕೋಣೆ ಬೇಕಾದದ್ದು, ಈ ಬಿಸಿಲಿನಲ್ಲಿ ಸಣ್ಣದಾಗಿ, ನಗು ಬರುವ ಹಾಗೆ ಕಂಡಿತು.

"ಚಪ್ಪಾಳೆ ತಟ್ಟಿದ್ರಲ್ಲ, ಅವರು ಸಣ್ಣ ಕೋಣೇಲಿದಾರೆ, ಮಾಕ್. ನಮ್ಮೆದುರಿಗೇ. ನಾವು ಅಲ್ಲಿಗೆ ಹೋದ್ರೆ ಒಟ್ಟಿಗೆ ನಮಾಜ್ ಮಾಡೋಕಾಗಲ್ಲ."

"ಒಬ್ಬೊಬ್ರೇ ಮಾಡೋಣ. ಇಪ್ಪತ್ತಾರು ಪಾಲು ಹೋದ್ರೆ ಹೋಗ್ಲಿ. ಒಂದು ಉಳಿಯುತ್ತಲ್ಲ, ಅದು ನಮ್ದು."

"ಬಚ್ಚಲು ಇಕ್ಕಟ್ಟು," ಎಂದ ಪಾಕ್ ಸು ಕಣ್ಣು ಮುಚ್ಚಿಕೊಂಡೇ. "ಟೀಚರ್ ಹೊಸ ಪಟ್ಟಿ ಹಾಕ್ಬೇಕು."

ಹಡಗಿನ ಕಚೇರಿಯಲ್ಲಿ ಬಹಳ ಹೊತ್ತೇನೂ ಹಿಡಿಯಲಿಲ್ಲ. ಎರಡೂ ಕಡೆಯವರು ಒಪ್ಪಿದರೆ ಅಡ್ಡಿಯಿಲ್ಲ ಎಂದರು. ಕಾರಣ ಕೇಳಲಿಲ್ಲ, ಕೇಳಿದ್ದರೆ ಹೇಳಲು ಅವಳು ಸಿದ್ಧವಾಗಿದ್ದಳು, ಕೇಳಲಿಲ್ಲವೆಂದು ಸ್ವಲ್ಪ ನಿರಾಸೆಯೂ ಆಯಿತು. ಅವಳೂ ಬಹ್ರಿನ್ನೂ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಟ್ಟರು. ಮಂಚದ ಹೊದಿಕೆಯನ್ನು ಅವಳೇ ಎಳೆದು ಸರಿಮಾಡಿದಳು. ಬಚ್ಚಲಿನ ಕನ್ನಡಿಯ ಮೇಲಿನ ನೀರನ್ನು ತೋಳಿನಿಂದ ಒರೆಸಿದಳು. ಮೂರು ರಾತ್ರಿ ಕಳೆದಿದ್ದವು, ಎರಡು ಉಳಿದಿದ್ದವು. ಕಳೆದದ್ದನ್ನು ಯಾವ ಪಟ್ಟಿಯಲ್ಲೂ ಹಿಂದಕ್ಕೆ ಕೂರಿಸಲಾಗದು.

ಎದುರು ಬಾಗಿಲು ತಟ್ಟಿದಾಗ ಯಾಪ್ ತೆಗೆದ. ಒಳಗೆ, ಒಬ್ಬರು ಹೋದರೆ ಇನ್ನೊಬ್ಬರು ಮಂಚದ ಮೇಲೆ ಕಾಲೆತ್ತಿಕೊಳ್ಳಬೇಕಾದ ಸಂದಿನ ಆಚೆ, ಕಿಮ್ ಲಾನ್ ದಿಂಬಿಗೆ ಒರಗಿದ್ದಳು. ಪಕ್ಕದಲ್ಲಿ ತಟ್ಟೆಯಷ್ಟು ದೊಡ್ಡ ಕಲ್ಲಂಗಡಿಯ ಹೂವಿತ್ತು, ಒಂದು ಎಸಳು ಮುರಿದಿತ್ತು.

"ಏನು, ಅಕ್ಕ ಸಿಕ್ಕಿದ್ರಾ ನಿಮ್ಮಮ್ಮಂಗೆ?" ಎಂದಳು.

"ಸಿಕ್ಕಿದ್ರು."

ಲಿಫ್ಟಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳಿದ್ದವು. ಅರ್ಜಿ, ಚೌಕ, ಒಂದೇ ಉಳಿದಿದ್ದ ಕೋಣೆ, ತಾಯಿಯ ನಮಾಜು. ಒಂದೊಂದೂ ಬಾಗಿಲ ಹೊಸ್ತಿಲವರೆಗೆ ಬಂದು, ಒಳಗೆ ಜಾಗವಿಲ್ಲವೆಂದು ಹಿಂದಕ್ಕೆ ಸರಿಯಿತು. ಸಲ್ಬಿಯಾ ಗೋಡೆಗೆ ಮೈಯೊತ್ತಿ, ಓರೆಯಾಗಿ, ಮಂಚದವರೆಗೆ ಹೋದಳು. ಕೋಣೆಯ ಬೀಗ ತೆಗೆಯುವ ಎರಡು ಬಿಳಿಯ ಕಾರ್ಡುಗಳನ್ನು ಕಿಮ್ ಲಾನ್‌ಳ ಅಂಗೈಯಲ್ಲಿಟ್ಟಳು.

"ಆ ಕೋಣೆ ನಿಮ್ಮದು," ಎಂದಳು. "ಬಾಗಿಲು ಅಗಲ ಇದೆ."

ಕಿಮ್ ಲಾನ್ ಕಾರ್ಡುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಕಾರ್ಡುಗಳ ಮೇಲೆ ಬೆರಳುಗಳನ್ನು ಮಡಚಿಕೊಂಡಳು.